ಮೊದಲು ರಸ, ಆಮೇಲೆ ಮಾಂಸ

ಸೌಟಮ್ಮನ ಕೈಗೆ ಸೌಟು ಬಂದದ್ದು ಮೂವತ್ತೊಂದನೇ ವಯಸ್ಸಿಗೆ, ಅಕ್ಷರ ಬಂದದ್ದು ಮೂವತ್ತೆಂಟಕ್ಕೆ. ಸೌಟು ಬಂದ ದಿನವೇ ಮನೆಮಗಳಂತೆ ಹೊಂದಿಕೊಂಡಿತು. ಅಕ್ಷರ ಮಾತ್ರ ಹತ್ತೊಂಬತ್ತು ವರ್ಷವಾದರೂ ಹೊಸ ಅಳಿಯನ ಬಿಗುಮಾನ ಬಿಟ್ಟಿರಲಿಲ್ಲ. ಕರೆದರೆ ಬರುತ್ತಿತ್ತು, ಆದರೆ ಒಂದಲ್ಲ ಒಂದು ಕೊಂಕು ತೆಗೆದೇ ಬರುತ್ತಿತ್ತು.

ಅವಳು ಅಡುಗೆ ಮಾಡುತ್ತಿದ್ದದ್ದು ಒಂದು ಆರೈಕೆ ಕೇಂದ್ರದಲ್ಲಿ. ಆಸ್ಪತ್ರೆಯವರು ಸಾಕು ಹೋಗಿ ಎಂದು ಕಳಿಸಿದ, ಮನೆಯವರು ಇನ್ನೂ ಸ್ವಲ್ಪ ದಿನ ಇರಲಿ ಎಂದು ಬಿಟ್ಟ ನಲವತ್ತನಾಲ್ಕು ಜನ ಅಲ್ಲಿದ್ದರು. ಒಬ್ಬರಿಗೆ ಕೈ ಏಳದು, ಒಬ್ಬರಿಗೆ ಕಾಲು ಊರದು, ಕೆಲವರಿಗೆ ಗಂಟಲಲ್ಲಿ ತುತ್ತು ಇಳಿಯದು. ಸೌಟಮ್ಮ ಇಪ್ಪತ್ತೆರಡನೇ ವಯಸ್ಸಿಗೆ ಆ ಕಟ್ಟಡಕ್ಕೆ ಕಸ ಗುಡಿಸಲು ಬಂದವಳು. ನಾಲ್ಕು ವರ್ಷ ಗುಡಿಸಿದಳು, ಐದು ವರ್ಷ ಪಾತ್ರೆ ತಿಕ್ಕಿದಳು. ಒಂದು ಮಧ್ಯಾಹ್ನ ಆಗಿನ ಅಡುಗೆಯವನು ಯಾರ ಮೇಲೋ ಮುನಿಸಿಕೊಂಡು, ಅನ್ನ ಅರ್ಧ ಬೆಂದಿರುವಾಗಲೇ ಏಪ್ರನ್ ಕಿತ್ತೆಸೆದು ಹೋದ. ಪಾತ್ರೆ ತಿಕ್ಕುತ್ತಿದ್ದವಳು ಕೈ ಒರೆಸಿಕೊಂಡು ಸೌಟು ತೆಗೆದುಕೊಂಡಳು. ಅದನ್ನು ವಾಪಸ್ಸು ಕೇಳುವ ಧೈರ್ಯ ಇಲ್ಲಿಯವರೆಗೆ ಯಾರಿಗೂ ಬಂದಿಲ್ಲ.

ಅಕ್ಷರದ ಕಥೆ ಬೇರೆ. ಶೀತಲ ಕೋಣೆಯಲ್ಲಿಡುವ ಪ್ರತಿ ಪಾತ್ರೆಯ ಮೇಲೂ ಏನು, ಎಂದು, ಹೇಗೆ ಎಂದು ಬರೆದ ಚೀಟಿ ಇರಬೇಕು ಎಂದು ಮೇಲ್ವಿಚಾರಕಿ ಕಟ್ಟಪ್ಪಣೆ ಮಾಡಿದ್ದರು. ಅದುವರೆಗೆ ಸೌಟಮ್ಮ ಮುಚ್ಚಳದ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಚುಕ್ಕಿ ಇಟ್ಟು ಸಂಸಾರ ನಡೆಸಿದ್ದಳು. ಅಪ್ಪಣೆ ಬಂದ ಮೇಲೆ ಸಂಜೆ ಎದುರಿನ ಶಾಲೆಗೆ ಹೋಗಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಕಲಿತಳು. ಬರೆಯುವುದರಲ್ಲೂ ಅಡುಗೆಯ ಪದ್ಧತಿಯನ್ನೇ ತಂದಳು. ಮೊದಲು ಬರಿಯ ಅಕ್ಷರಗಳನ್ನೆಲ್ಲ ಸಾಲಾಗಿ ಜೋಡಿಸಿಬಿಡುವುದು, ಆಮೇಲೆ ಹಿಂದಕ್ಕೆ ಬಂದು, ಕೊನೆಯಲ್ಲಿ ಉಪ್ಪು ಉದುರಿಸುವ ಹಾಗೆ, ಬೇಕಾದಲ್ಲಿ ಕೊಂಬು, ಇಳಿ, ಗುಡಿಸು ಹಾಕುತ್ತ ಹೋಗುವುದು. ಹಾಗೆ ಬರೆಯಬೇಡಿ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಕೇಳಲಿಲ್ಲ. ಬೇಯುವ ಮೊದಲೇ ಉಪ್ಪು ಹಾಕುವವಳು ಅಡುಗೆಯವಳೇ ಅಲ್ಲ ಎಂದು ಅವರಿಗೇ ಪಾಠ ಹೇಳಿ ಬಂದಿದ್ದಳು.

ಏಳು ತಿಂಗಳ ಹಿಂದೆ ಅದೇ ಕೇಂದ್ರಕ್ಕೆ ಸೌಟಮ್ಮನ ಅಕ್ಕ ಬಂದಳು, ಕೆಲಸಕ್ಕಲ್ಲ, ಮಂಚಕ್ಕೆ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ತಾಯಿ ಸತ್ತಾಗ ಸೌಟಮ್ಮನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿಗೆ ಅಂಟು ಹಚ್ಚುತ್ತ ತಂಗಿಯನ್ನು ಸಾಕಿದವಳು ಅಕ್ಕ. ಈಗ ಸೌಟಮ್ಮನಿಗೆ ಇದ್ದ ಒಂದೇ ಒಂದು ರಕ್ತಸಂಬಂಧ ಅದು. ಹಾಗಾಗಿ ಅವಳನ್ನು ಹದಿನೇಳನೇ ಮಂಚ ಎಂದು ಬೇರೆಯವರು ಕರೆದರೆ ಸೌಟಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಂಚಕ್ಕೆ ನಂಬರು ಇರಬಹುದು, ಅಕ್ಕನಿಗೆ ಯಾಕೆ?

ಅಕ್ಕ ಊಟ ಮಾಡುತ್ತಿದ್ದದ್ದು ಮೆತ್ತನೆ ಮೇಜಿನಲ್ಲಿ. ನುಂಗಲು ಕಷ್ಟವಿರುವ ಹನ್ನೊಂದು ಜನರನ್ನು ಕೂರಿಸುವ ಉದ್ದ ಮೇಜಿಗೆ ಆ ಹೆಸರು. ಮೊದಲು ಅವರಿಗೂ ವಾರಕ್ಕೊಮ್ಮೆ, ಗುರುವಾರ, ಸಣ್ಣಗೆ ಎಳೆ ಬಿಡಿಸಿದ ಮಾಂಸ ಸಿಗುತ್ತಿತ್ತು. ಎರಡು ತಿಂಗಳ ಹಿಂದೆ ಒಂದು ಗುರುವಾರ ಮಾಂಸ ತಡವಾಗಿ ಬಂತು. ಸೌಟಮ್ಮ ಜೋರು ಬೆಂಕಿಯಲ್ಲಿ ಬೇಯಿಸಿ, ಊಟದ ಗಂಟೆಯವರೆಗೆ ಒಲೆಯ ಮೇಲೇ ಬಿಟ್ಟಳು. ರಸವೆಲ್ಲ ಇಂಗಿ ಮಾಂಸ ನಾರುನಾರಾಯಿತು. ನಿವೃತ್ತ ಡ್ರೈವರೊಬ್ಬರ ಗಂಟಲಿಗೆ ಒಂದು ಎಳೆ ಸಿಕ್ಕಿಕೊಂಡಿತು. ನರ್ಸಮ್ಮ ಬೆನ್ನಿಗೆ ಗುದ್ದಿ ಗುದ್ದಿ ಹೊರಗೆ ಬರಿಸುವಷ್ಟರಲ್ಲಿ ಡ್ರೈವರ ಮುಖ ನೀಲಿಗಟ್ಟಿತ್ತು. ಅಂದಿನಿಂದ ಮೆತ್ತನೆ ಮೇಜಿಗೆ ಮಾಂಸ ಬಂದ್. ಎಲ್ಲವನ್ನೂ ಯಂತ್ರಕ್ಕೆ ಹಾಕಿ ಅರೆದು ಬಟ್ಟಲಿಗೆ ಹಾಕುವುದಾಯಿತು. ನೋಡಲು ಗೋಡೆಗೆ ಬಳಿಯುವ ಗಾರೆ, ತಿನ್ನಲೂ ಹೆಚ್ಚು ಕಡಿಮೆ ಅದೇ.

ಅಕ್ಕ ಗಾರೆ ತಿನ್ನಲಿಲ್ಲ. ಚಮಚ ಹತ್ತಿರ ಬಂದರೆ ಮುಖ ಗೋಡೆಗೆ ತಿರುಗಿಸಿದಳು. ನಾಲಿಗೆ ಹೊರಳುವುದು ಕಷ್ಟವಾಗಿತ್ತೇ ಹೊರತು ಮಾತು ಹೋಗಿರಲಿಲ್ಲ, ಆದರೆ ಆರು ವಾರದಿಂದ ಮಾತನ್ನೂ ನಿಲ್ಲಿಸಿಬಿಟ್ಟಿದ್ದಳು. ತೂಕ ನಲವತ್ತೆಂಟರಿಂದ ಮೂವತ್ತೊಂಬತ್ತಕ್ಕೆ ಇಳಿಯಿತು. ಹೀಗೇ ಆದರೆ ಮೂಗಿನಿಂದ ಕೊಳವೆ ಇಳಿಸಿ ಹಾಲಿನಂಥದ್ದೇನೋ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಕೊಳವೆ ಕಿತ್ತುಹಾಕದಂತೆ ಕೈ ಕಟ್ಟಬೇಕಾಗಬಹುದು ಎಂದೂ ಹೇಳಿದರು. ಅಕ್ಕನಿಗೆ ಆಡುವುದು ಒಂದೇ ಕೈ. ಅದನ್ನೂ ಕಟ್ಟುತ್ತಾರೆ ಎಂದ ರಾತ್ರಿ ಸೌಟಮ್ಮನಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ತಪ್ಪು ತನ್ನದು ಎಂದು ಅವಳಿಗೆ ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎನ್ನುವ ಜಾತಿ ಅವಳದಲ್ಲ. ಐದು ಭಾನುವಾರ ತನ್ನ ಒಂಟಿ ಕೋಣೆಯ ಮನೆಯಲ್ಲಿ ಕುರಿಯ ಭುಜದ ಮಾಂಸ ತಂದು ಪರೀಕ್ಷೆ ಮಾಡಿದಳು. ಮೊದಲ ವಾರ ಹಗ್ಗ, ಎರಡನೇ ವಾರ ಮರದ ತೊಗಟೆ. ಮೂರನೇ ವಾರ ಪಕ್ಕದ ಮನೆಯ ನಾಯಿ ಮೂಸಿ ನೋಡಿ, ಮರ್ಯಾದೆಗೆಂದು ಒಂದು ಚೂರು ತಿಂದು ಹೋಯಿತು. ಗುರುವಾರ ಮತ್ತೆ ತಡವಾಗದಂತೆ ಹಿಂದಿನ ದಿನವೇ ಬೇಯಿಸಿಡಬೇಕೆಂಬುದು ಅವಳ ಲೆಕ್ಕ, ನಾಲ್ಕನೆಯ ವಾರ ಅದರ ಗುಟ್ಟು ಸಿಕ್ಕಿತು. ಮಾಂಸ ಒಣಗುವುದು ಹಿಂದಿನ ದಿನ ಬೇಯಿಸಿದ್ದರಿಂದ ಅಲ್ಲ, ಮಾರನೆಯ ದಿನ ಕಾಯಿಸುವ ಅವಸರದಿಂದ. ದೊಡ್ಡ ತುಂಡುಗಳನ್ನೇ ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಬೇಕು. ಅದರದೇ ರಸದಲ್ಲಿ ಮುಳುಗಿಸಿ, ಬೇಗ ಆರಲೆಂದು ಅಗಲ ತಟ್ಟೆಗಳಿಗೆ ಹರಡಿ, ಎರಡು ಗಂಟೆಯೊಳಗೆ ತಣ್ಣಗಿರುವ ಕಡೆ ಸೇರಿಸಬೇಕು. ಬೆಳಗಾಗುವಷ್ಟರಲ್ಲಿ ರಸ ಗಟ್ಟಿಯಾಗಿ ಮಾಂಸವನ್ನು ಅಪ್ಪಿ ಹಿಡಿದಿರುತ್ತದೆ, ಕೊಬ್ಬು ಮೇಲೆ ಬಿಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಆ ಮುಚ್ಚಳ ಎತ್ತಿ ಹಾಕಿ, ಮೊದಲು ರಸವನ್ನು ಮಾತ್ರ ಕುದಿಸಿ, ಆಮೇಲೆ ಮಾಂಸ ಬಿಟ್ಟು, ಉರಿ ತಗ್ಗಿಸಿ, ಮುಚ್ಚಿ, ತುಂಡಿನ ಹೊಟ್ಟೆಯಿಂದಲೂ ಹಬೆ ಏಳುವತನಕ ಕಾಯಬೇಕು. ಐದನೆಯ ವಾರ ಅದನ್ನು ಬಾಯಿಗಿಟ್ಟುಕೊಂಡು ಹಲ್ಲು ಹಚ್ಚದೆ ನುಂಗಿದಳು.

ಮೇಲ್ವಿಚಾರಕಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಒಂದು ಗುರುವಾರ ಕೊಡುತ್ತೇನೆ, ಮೆತ್ತನೆ ಮೇಜಿನಲ್ಲಿ ಎಲ್ಲರೂ ಸುಸೂತ್ರವಾಗಿ ತಿಂದರೆ ಪ್ರತಿ ವಾರ. ಒಬ್ಬರು ತೊಂದರೆಪಟ್ಟರೂ ಇನ್ನು ಆ ಮಾತೇ ಎತ್ತಬಾರದು. ಶುಕ್ರವಾರ ಅಕ್ಕನ ಕೊಳವೆಯ ತೀರ್ಮಾನ. ಆ ಒಂದು ಗುರುವಾರದ ಮೇಲೆ ಅಕ್ಕನ ಒಂದೇ ಕೈ ನಿಂತಿತ್ತು.

ಬುಧವಾರ ಎಲ್ಲ ಲೆಕ್ಕ ಹಾಕಿದಂತೆಯೇ ನಡೆಯಿತು. ಮಾಂಸ ತಿನ್ನುವ ಮೂವತ್ತಾರು ಜನಕ್ಕೆ ಐದು ತಟ್ಟೆ ತುಂಬಿತು. ಸೌಟಮ್ಮ ಒಂದು ಚೀಟಿ ಬರೆದಳು, ಅದನ್ನೇ ನೋಡಿಕೊಂಡು ಇನ್ನೂ ನಾಲ್ಕು ಬರೆದಳು, ಐದೂ ತಟ್ಟೆಗೆ ಅಂಟಿಸಿದಳು. ಆಗ ಅವಳ ಕಣ್ಣು ಅಕ್ಷರದ ಮೇಲಿತ್ತು, ಮನಸ್ಸು ಹದಿನೇಳನೇ ಮಂಚದ ಹತ್ತಿರವಿತ್ತು.

ಗುರುವಾರ ಹತ್ತೂವರೆಗೆ ಡಾಕ್ಟರ ಕೋಣೆಯಿಂದ ಕರೆ ಬಂತು. ಹೋಗುವ ಮುನ್ನ ಸೌಟಮ್ಮ ತನ್ನ ಜೊತೆಗಾರನಿಗೆ, ಹನ್ನೊಂದಕ್ಕೆ ಶುರು ಮಾಡು, ಚೀಟಿಯಲ್ಲಿ ಎಲ್ಲ ಬರೆದಿದೆ, ಹಾಗೇ ಮಾಡು ಎಂದಳು. ಆತ ಸರಿ ಎಂದ. ಐವತ್ತು ದಾಟಿದ, ಮೂರು ಹೋಟೆಲಿನ ಹೊಗೆ ಕುಡಿದ ಆಸಾಮಿ. ಏನು ಹೇಳಿದರೂ ಸರಿ ಎನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಸರಿಯಣ್ಣನಾಗಿದ್ದ. ಹೋದ ತಿಂಗಳು ಒಮ್ಮೆ ತನ್ನ ಬುದ್ಧಿಯಿಂದಲೇ ಉಪ್ಪು ಹಾಕಲು ಹೋಗಿ, ಸೌಟಮ್ಮ ಹಾಕಿದ್ದರ ಮೇಲೆ ಇನ್ನೊಂದು ಸಲ ಹಾಕಿದ್ದ. ನಿನ್ನ ಬುದ್ಧಿ ಮನೆಯಲ್ಲಿಟ್ಟು ಬಾ, ಬರೆದದ್ದನ್ನು ಓದು, ಅಷ್ಟನ್ನೇ ಮಾಡು ಎಂದು ಅವಳು ನೀರಿಳಿಸಿದ್ದಳು. ಅವನು ಅದಕ್ಕೂ ಸರಿ ಎಂದಿದ್ದ.

ಡಾಕ್ಟರ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಕಾಗದವಿತ್ತು. ಅಕ್ಕನಿಗೆ ಕೊಳವೆ ಹಾಕಲು ಒಪ್ಪಿಗೆಯ ಕಾಗದ. ನಾಳೆ ಹುಡುಕಾಡುವುದು ಬೇಡ ಎಂದು ಇವತ್ತೇ ಓದಿ ಹೇಳುತ್ತೇವೆ ಎಂದರು. ಓದಿ ಹೇಳಿದರು. ಕೆಳಗೆ ಸಹಿಗೆ ಗೆರೆ ಎಳೆದಿತ್ತು. ಹೆಬ್ಬೆಟ್ಟು ಬೇಕಿಲ್ಲ, ನಿಮಗೆ ಸಹಿ ಬರುತ್ತದಲ್ಲ ಎಂದು ಡಾಕ್ಟರು ಮೆಚ್ಚುಗೆಯಿಂದಲೇ ಅಂದರು. ಸಹಿ ಕಲಿತದ್ದಕ್ಕೆ ಸೌಟಮ್ಮ ಜೀವನದಲ್ಲಿ ಮೊದಲ ಸಲ ಪಶ್ಚಾತ್ತಾಪಪಟ್ಟಳು. ಇವತ್ತಿನ ಊಟ ಒಂದು ಆಗಲಿ ಎಂದು ಬೇಡಿಕೊಂಡಳು. ಊಟ ನೋಡಿಯೇ ತೀರ್ಮಾನ, ಆದರೆ ನಾಳೆಗಿಂತ ಆಚೆ ಹೋಗುವಂತಿಲ್ಲ ಎಂದು ಅವರು ಕಾಗದವನ್ನು ಕಡತದೊಳಗಿಟ್ಟರು.

ಹೊರಗೆ ಬಂದಾಗ ಹನ್ನೊಂದು ಇಪ್ಪತ್ತು. ಅಡುಗೆಮನೆಗೆ ಹೋಗುವ ಕಾರಿಡಾರು ಉದ್ದ, ಮಧ್ಯದಲ್ಲೊಂದು ತಿರುವು. ಆ ತಿರುವಿಗೆ ಬರುವಷ್ಟರಲ್ಲಿ ಕುದಿಯುವ ರಸದ ವಾಸನೆ ಮೂಗಿಗೆ ಬಡಿಯಬೇಕಿತ್ತು. ಬಡಿಯಲಿಲ್ಲ. ಬಂದದ್ದು ಬಾಣಲೆಯ ತಳ ಕಾದ ವಾಸನೆ.  ಸೌಟಮ್ಮನ ಐವತ್ತೇಳರ ಮೊಣಕಾಲಿಗೆ ಓಟ ಮರೆತು ವರ್ಷಗಳಾಗಿದ್ದವು, ಆದರೂ ಓಡಿದಳು.

ಒಲೆಯ ಮೇಲೆ ಎರಡು ಅಗಲ ಬಾಣಲೆಗಳಲ್ಲಿ ಮಾಂಸದ ತುಂಡುಗಳು ಬರಿಮೈಯಲ್ಲಿ ಚುರುಗುಟ್ಟುತ್ತಿದ್ದವು. ಅಂಚುಗಳು ಆಗಲೇ ಕಂದಾಗಿ ಸೆಟೆದುಕೊಂಡಿದ್ದವು. ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ನಾಲ್ಕು ಖಾಲಿ ತಟ್ಟೆ. ತೊಟ್ಟಿಯ ತೂತಿನ ಸುತ್ತ ಗಟ್ಟಿ ರಸದ ಕೊನೆಯ ಚೂರುಗಳು ಬಿಸಿನೀರಿಗೆ ಕರಗಿ ಸುತ್ತಿ ಸುತ್ತಿ ಇಳಿಯುತ್ತಿದ್ದವು. ಸರಿಯಣ್ಣ ಐದನೇ ತಟ್ಟೆಯನ್ನು ಜರಡಿಯ ಮೇಲೆ ಬಾಗಿಸಲು ಎತ್ತಿದ್ದ.

“ಇಡು ಕೆಳಗೆ,” ಎಂದಳು. ಧ್ವನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. “ಏನು ಮಾಡ್ತಿದ್ದೀಯ?”

“ಬಸೀತಿದ್ದೀನಿ ಅಮ್ಮ.”

“ಬಸಿ ಅಂತ ಹೇಳಿದ್ದು ಯಾರು?”

“ನೀವೇ. ಬರೆದಿದ್ದೀರಲ್ಲ.”

ಅವನು ತಟ್ಟೆ ಇಟ್ಟು ಚೀಟಿ ತೋರಿಸಿದ. ಸೌಟಮ್ಮ ಬೆರಳಿಟ್ಟು ಓದಿದಳು. ಮೊದಲು ರಸ ಬಸಿ. ಆಮೇಲೆ ಮಾಂಸ. ಇನ್ನೊಮ್ಮೆ ಓದಿದಳು. ಬಿಸಿ ಎಂದು ಬರೆಯಬೇಕಾದಲ್ಲಿ ಬಸಿ ಎಂದಿತ್ತು. ಬರಿಯ ಅಕ್ಷರಗಳನ್ನು ಜೋಡಿಸಿ ಹಿಂದಕ್ಕೆ ಬಂದಾಗ ಎರಡನೆಯದಕ್ಕೆ ಗುಡಿಸು ಹಾಕಿ, ಮೊದಲನೆಯದನ್ನು ಬಿಟ್ಟು ಮುಂದೆ ಹೋಗಿದ್ದಳು. ಅದನ್ನೇ ನೋಡಿ ನಾಲ್ಕು ಸಲ ನಕಲು ಮಾಡಿದ್ದಳು. ನಾಲ್ಕು ವರ್ಷ ಇಡೀ ಕಟ್ಟಡವನ್ನು ಗುಡಿಸಿದವಳಿಗೆ ಒಂದು ಗುಡಿಸು ಹಾಕಲು ಆಗಿರಲಿಲ್ಲ.

ಡಾಕ್ಟರು ಕೊಬ್ಬು ಬೇಡ ಅಂದಿದ್ದರು, ಅದಕ್ಕೇ ಬಸಿಯಲು ಹೇಳಿದ್ದೀರಿ ಅಂದುಕೊಂಡೆ ಎಂದು ಸರಿಯಣ್ಣ ಮೆಲ್ಲಗೆ ಹೇಳಿದ. ಯಾಕೋ ಅನುಮಾನ ಬಂದಿತ್ತು, ಆದರೆ ಬುದ್ಧಿ ಉಪಯೋಗಿಸಬಾರದು ಅಂದಿದ್ದಿರಲ್ಲ ಎಂದೂ ಹೇಳಿದ. ಅದರಲ್ಲಿ ಕುಹಕ ಇರಲಿಲ್ಲ, ಅದಕ್ಕೇ ಅದು ಹೆಚ್ಚು ಚುಚ್ಚಿತು.

ಊಟಕ್ಕೆ ಒಂದು ಗಂಟೆ ಹತ್ತು ನಿಮಿಷವಿತ್ತು. ಹನ್ನೆರಡಕ್ಕೆ ಮೇಲ್ವಿಚಾರಕಿ ತಮ್ಮ ಚಮಚ ಹಿಡಿದು ರುಚಿ ನೋಡಲು ಬರುತ್ತಾರೆ. ಸೌಟಮ್ಮ ಬಾಣಲೆಗಳನ್ನು ಕೆಳಗಿಳಿಸಿ ಒಂದು ತುಂಡು ಹರಿದು ನೋಡಿದಳು. ಹಲ್ಲಿರುವವರು ಹೇಗೋ ಜಗಿದಾರು, ಮೆತ್ತನೆ ಮೇಜಿಗೆ ಅದು ವಿಷ. ನೀರು ಹಾಕಿ ಕುದಿಸಿದರೆ ಮೆತ್ತಗಾಗುತ್ತಾ ಎಂದು ಸರಿಯಣ್ಣ ಕೇಳಿದ. ಇಲ್ಲ. ಕಬ್ಬು ಹಿಂಡಿದ ಮೇಲೆ ಸಿಪ್ಪೆಯನ್ನು ನೀರಲ್ಲಿ ಅದ್ದಿದರೆ ಒದ್ದೆಯಾಗುತ್ತದೆ, ಸಿಹಿ ವಾಪಸ್ಸು ಬರುವುದಿಲ್ಲ. ಮಾಂಸದ ಒಳಗಿನದು ತೊಟ್ಟಿಯ ತೂತಿನಲ್ಲಿ ಹೋಗಿಯಾಗಿತ್ತು.

ಉಳಿದದ್ದು ಒಂದು ತಟ್ಟೆ. ಅದರಲ್ಲಿ ಏಳು ಜನಕ್ಕೆ ಆಗುವಷ್ಟು ಮಾಂಸ, ಅದರ ರಸ.

ಆಗ ಅವಳ ತಲೆಗೆ ಬಂದ ಯೋಚನೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ತಟ್ಟೆಯಿಂದ ಮೇಲ್ವಿಚಾರಕಿಗೆ ಒಂದು ಬಟ್ಟಲು, ಅಕ್ಕನಿಗೆ ತುಂಬ ಒಂದು ಬಟ್ಟಲು. ಮಿಕ್ಕ ಹತ್ತು ಜನಕ್ಕೆ ಇವತ್ತೊಂದು ದಿನ ಗಾರೆಯೇ ಇರಲಿ, ಏನಾದರೂ ನೆಪ ಹೇಳಿದರಾಯಿತು. ರುಚಿ ನೋಡಿದವರು ತಲೆದೂಗುತ್ತಾರೆ, ಅಕ್ಕ ತಿನ್ನುತ್ತಾಳೆ, ಕಾಗದ ಕಡತದಲ್ಲೇ ಕೊಳೆಯುತ್ತದೆ. ಸರಿಯಣ್ಣ ಸರಿ ಎನ್ನುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಯೋಚನೆ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ, ಅವಳ ಕೈ ಎರಡು ಬಟ್ಟಲನ್ನು ಕಪಾಟಿನಿಂದ ಇಳಿಸಿಯೂ ಬಿಟ್ಟಿತ್ತು.

ಬಟ್ಟಲು ನೋಡಿದರೆ ಡ್ರೈವರ ನೀಲಿ ಮುಖ ಕಂಡಿತು. ಮಾಂಸ ಇದೆಯಂತೆ ಎಂದು ಆತ ಬೆಳಿಗ್ಗೆ ಹತ್ತಕ್ಕೇ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದರು. ಅವಳಿಂದ ಸಾಯುವ ಹಂತಕ್ಕೆ ಹೋಗಿ ಉಳಿದವರು, ಅವಳ ಕೈಯ ಊಟಕ್ಕೇ ಕಾಯುತ್ತಿದ್ದರು. ಥೂ ನಿನ್ನ ಜನ್ಮಕ್ಕೆ ಎಂದು ತನಗೆ ತಾನೇ ಬೈದುಕೊಂಡು ಇನ್ನೂ ಒಂಬತ್ತು ಬಟ್ಟಲು ಇಳಿಸಿದಳು.

ಆಮೇಲೆ ಮಾತಿಗೆ ಪುರಸೊತ್ತಿರಲಿಲ್ಲ. ಐದನೇ ತಟ್ಟೆಯ ಕೊಬ್ಬಿನ ಮುಚ್ಚಳ ಎತ್ತಿದಳು, ರಸವನ್ನು ಕೆರೆದು ಪಾತ್ರೆಗೆ ಹಾಕಿದಳು, ಒಂದು ತೊಟ್ಟೂ ತಟ್ಟೆಯಲ್ಲಿ ಉಳಿಯದಂತೆ ಬೆರಳಿನಷ್ಟು ಬಿಸಿನೀರು ಹಾಕಿ ತೊಳೆದು ಅದನ್ನೂ ಸುರಿದಳು. ರಸ ಕುದಿ ಬಂದ ಮೇಲೆ ಮಾಂಸ ಬಿಟ್ಟು ಉರಿಯನ್ನು ಮೊಗ್ಗಿನಷ್ಟು ಮಾಡಿ ಮುಚ್ಚಿದಳು. ಒಣಗಿದ ಮಾಂಸವನ್ನು ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಲು ಸರಿಯಣ್ಣನಿಗೆ ಹೇಳಿ, ತಾನು ಈರುಳ್ಳಿ, ಬೆಳ್ಳುಳ್ಳಿ ಹುರಿದು, ಮೆಣಸಿನಪುಡಿ ಹಾಕಿ, ಇಪ್ಪತ್ತೈದು ಗಟ್ಟಿ ಹಲ್ಲಿನವರಿಗೆ ಒಂದು ಗೊಜ್ಜಿನಂಥದ್ದನ್ನು ಮಾಡಿದಳು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮುಚ್ಚಳ ತೆಗೆದು ದೊಡ್ಡ ತುಂಡೊಂದನ್ನು ಎರಡು ಮಾಡಿದಳು. ನಡುವಿನಿಂದ ಹಬೆ ಎದ್ದಿತು. ಚಮಚದ ಹಿಂಬದಿಯಿಂದ ಒತ್ತಿದರೆ ಮಾಂಸ ಜಗಳವಾಡದೆ ಬಿಡಿಸಿಕೊಂಡಿತು.

ಮೇಲ್ವಿಚಾರಕಿ ಬಂದರು. ಸೌಟಮ್ಮ ಗೊಜ್ಜಿನಂಥದ್ದನ್ನೇ ಮುಂದಿಟ್ಟಳು. ಅವರು ಒಂದು ಚೂರು ಬಾಯಿಗಿಟ್ಟು ಬಹಳ ಹೊತ್ತು ಜಗಿದರು. ಆಮೇಲೆ ಚಮಚ ಕೆಳಗಿಟ್ಟು, ಇದನ್ನು ಮೆತ್ತನೆ ಮೇಜಿಗೆ ಕೊಡುತ್ತೀರಾ ಎಂದು ಕೇಳಿದರು. ಇಲ್ಲ, ಅವರಿಗೆ ಬೇರೆ ಇದೆ, ಸ್ವಲ್ಪವೇ ಇದೆ ಎಂದು ಸೌಟಮ್ಮ ನಡೆದದ್ದನ್ನು ಹೇಳತೊಡಗಿದಳು. ಬಸಿದರು ಎಂಬಲ್ಲಿಗೆ ಬಂದಾಗ ಅವರು ತಡೆದು, ಯಾರು ಬಸಿದದ್ದು ಎಂದರು.

“ನಾನು ಮೇಡಂ,” ಎಂದ ಸರಿಯಣ್ಣ. ತಲೆ ತಗ್ಗಿಸಿದ್ದ. ಅಲ್ಲಿಗೆ ಬಿಟ್ಟಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಸೌಟಮ್ಮ ಪಾತ್ರೆಯ ಪಕ್ಕದಲ್ಲಿದ್ದ ಚೀಟಿ ತೆಗೆದು ಅವರ ಕೈಗೆ ಕೊಟ್ಟಳು. “ಅವನು ಬರೆದ ಹಾಗೆ ಮಾಡಿದ. ಬರೆದವಳು ನಾನು. ಬಿಸಿ ಅಂತ ಬರೆಯೋಕೆ ಹೋಗಿ ಬಸಿ ಅಂತ ಬರೆದಿದ್ದೀನಿ. ಐದರಲ್ಲೂ.”

ಮೇಲ್ವಿಚಾರಕಿ ಚೀಟಿ ಓದಿದರು. ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು, ನಗುವೋ ಸಿಟ್ಟೋ ಸೌಟಮ್ಮನಿಗೆ ತಿಳಿಯಲಿಲ್ಲ. ನಗುವಾಗಿದ್ದರೂ ಅದು ಕ್ಷಮೆಯಾಗಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ನೋಡಿ, ಹನ್ನೊಂದು ಜನಕ್ಕೆ ಸಾಕಾಗುತ್ತದಾ ಎಂದರು. ಸಾಕು ಮಾಡುತ್ತೇನೆ ಎಂದಳು. ಸರಿ, ನಾನೂ ನರ್ಸಮ್ಮನೂ ಮೇಜಿನ ಹತ್ತಿರವೇ ನಿಂತಿರುತ್ತೇವೆ, ಒಬ್ಬರಿಗೆ ಉಸಿರು ಕಟ್ಟಿದರೂ ಎಲ್ಲ ಬಟ್ಟಲು ಎತ್ತಿಸುತ್ತೇನೆ, ಆಮೇಲೆ ಈ ವಿಷಯ ಮುಗಿಯಿತು ಎಂದರು.

ಊಟದ ಕೋಣೆಯಲ್ಲಿ ಹನ್ನೊಂದು ಗಾಲಿಕುರ್ಚಿಗಳು ಸಾಲಾಗಿ ನಿಂತಿದ್ದವು. ಸೌಟಮ್ಮ ರಸದಲ್ಲೇ ಎಳೆ ಬಿಡಿಸಿದ ಮಾಂಸವನ್ನು ಮೆತ್ತಗೆ ಬೆಂದ ಅನ್ನದ ಮೇಲೆ ಬಡಿಸುತ್ತ ಬಂದಳು. ಒಬ್ಬೊಬ್ಬರಿಗೆ ಒಂದು ಸಣ್ಣ ಸೌಟು. ಅಕ್ಕನ ಬಟ್ಟಲಿಗೆ ಬಂದಾಗ ಕೈ ಅವಳ ಮಾತು ಕೇಳಲಿಲ್ಲ, ಎರಡು ಸೌಟು ಬಿತ್ತು. ಮುಂದೆ ಹೋದಳು. ಹನ್ನೊಂದನೆಯವರು ಡ್ರೈವರು. ಅವರ ಬಟ್ಟಲಿಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿತ್ತು. ಒಂದು ಕ್ಷಣ ನಿಂತಳು. ತಿರುಗಿ ಬಂದು ಅಕ್ಕನ ಬಟ್ಟಲಿನಿಂದ ಒಂದು ಸೌಟು ತೆಗೆದು ಡ್ರೈವರಿಗೆ ಹಾಕಿದಳು. ತನ್ನ ಎದೆಯಿಂದ ತೆಗೆದು ಹಾಕಿದಷ್ಟು ನೋವಾಯಿತು.

ನರ್ಸಮ್ಮ ಡ್ರೈವರಿಂದಲೇ ಶುರು ಮಾಡಿದಳು. ಮೊದಲ ಚಮಚ ಹೋಯಿತು. ಗಂಟಲ ಮಣಿ ಮೇಲೆದ್ದು ಕೆಳಗಿಳಿಯಿತು. ಎರಡನೆಯದು ಹೋಯಿತು. ಮೂರನೆಯದಕ್ಕೆ ಆತ ಕಣ್ಣರಳಿಸಿ, ಬಾಯಿ ಅರ್ಧ ತೆರೆದು, ಹಾ ಹಾ ಎನ್ನತೊಡಗಿದರು. ಮೇಲ್ವಿಚಾರಕಿ ಒಂದು ಹೆಜ್ಜೆ ಮುಂದಿಟ್ಟರು. ನರ್ಸಮ್ಮನ ಕೈ ಅವರ ಬೆನ್ನಿಗೆ ಹೋಯಿತು. ಸೌಟಮ್ಮ ಪಾತ್ರೆಯ ಕಿವಿಗಳನ್ನು ಬಿಗಿಯಾಗಿ ಹಿಡಿದಳು. ಡ್ರೈವರು ಕೈ ಎತ್ತಿ ಎಲ್ಲರನ್ನೂ ತಡೆದು, ತುತ್ತು ನುಂಗಿ, ಕಣ್ಣೊರೆಸಿಕೊಂಡರು.

“ಬಿಸಿ,” ಎಂದರು. “ನಾಲಿಗೆ ಸುಟ್ಟಿತು, ಅಷ್ಟೇ. ತಗೊಂಡು ಹೋಗಬೇಡಿ.”

ಮೇಲ್ವಿಚಾರಕಿ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದರು. ಎಲ್ಲರ ಬಟ್ಟಲನ್ನೂ ಎರಡು ನಿಮಿಷ ಆರಲು ಬಿಡಿ ಎಂದು ಹೇಳಿ, ಗಡಿಯಾರ ನೋಡುತ್ತ ನಿಂತರು. ಅವಸರದಲ್ಲಿ ಆರಿಸುವುದನ್ನೇ ಮರೆತಿದ್ದ ಸೌಟಮ್ಮ ತನ್ನ ಮಂಡೆಗೆ ಮತ್ತೊಂದು ಬೈಗುಳ ಹಾಕಿಕೊಂಡಳು. ಎರಡು ನಿಮಿಷ ಎರಡು ಗಂಟೆಯಾಗಿ ಕಳೆಯಿತು. ಆಮೇಲೆ ಒಬ್ಬೊಬ್ಬರೇ ತಿನ್ನತೊಡಗಿದರು. ಚಮಚದ ಸದ್ದು, ನುಂಗುವ ಸದ್ದು. ಯಾರೂ ಕೆಮ್ಮಲಿಲ್ಲ.

ಅಕ್ಕ ಮಾತ್ರ ಮುಖ ಗೋಡೆಗೆ ತಿರುಗಿಸಿ ಕೂತಿದ್ದಳು.

ಸೌಟಮ್ಮ ಪಾತ್ರೆ ಕೆಳಗಿಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಕ್ಕ, ಒಂದು ಚೂರು ಎಂದಳು. ಅಲುಗಾಟವಿಲ್ಲ. ಇವತ್ತು ಅರೆದದ್ದಲ್ಲ ಎಂದಳು. ಅದಕ್ಕೂ ಇಲ್ಲ. ಕಾಗದದ ವಿಷಯ ಹೇಳಿಬಿಡಲೇ, ಕೈ ಕಟ್ಟುತ್ತಾರೆ ಎಂದು ಹೆದರಿಸಲೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಹೆದರಿಸಿ ಉಣಿಸಿದರೆ ಕೊಳವೆಗೂ ಚಮಚಕ್ಕೂ ಏನು ವ್ಯತ್ಯಾಸ? ಏನೂ ಹೇಳದೆ ಚಮಚವನ್ನು ಅಕ್ಕನ ಮೂಗಿನ ಹತ್ತಿರ ಹಿಡಿದು ಹಾಗೇ ಕೂತಳು.  ಮೊಣಕಾಲು ಬೆಂಕಿಯಾಯಿತು. ಮೇಲ್ವಿಚಾರಕಿಯ ಬೂಟು ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತದ್ದು ಕಂಡಿತು. ತಲೆ ಎತ್ತಲಿಲ್ಲ.

ಅಕ್ಕನ ಮೂಗಿನ ಹೊಳ್ಳೆ ಅರಳಿತು. ಮುಖ ನಿಧಾನವಾಗಿ ಈಚೆಗೆ ಬಂತು. ಕಣ್ಣು ಚಮಚ ನೋಡಿತು, ತಂಗಿಯನ್ನು ನೋಡಿತು, ಮತ್ತೆ ಚಮಚ ನೋಡಿತು. ಎಡಗಡೆಯ ಅರ್ಧ ಬಾಯಿ ತೆರೆಯಿತು.

ಒಂದು. ಇಳಿಯಿತು. ಸೌಟಮ್ಮ ಅಕ್ಕನ ಗಂಟಲನ್ನೇ ನೋಡುತ್ತ, ಅದು ಏರಿ ಇಳಿದ ಮೇಲೆಯೇ ಮುಂದಿನ ಚಮಚ ಕೊಟ್ಟಳು. ಎರಡು. ಮೂರು. ನಾಲ್ಕನೆಯದರಲ್ಲಿ ಅಕ್ಕ ತಾನೇ ಕುತ್ತಿಗೆ ಮುಂದೆ ಚಾಚಿದಳು. ಐದಕ್ಕೆ ಮಾಂಸ ಮುಗಿಯಿತು. ಬಟ್ಟಲಿನ ಅಂಚಿನಲ್ಲಿದ್ದ ರಸವನ್ನು ಅನ್ನಕ್ಕೆ ಒರೆಸಿ ಆರನೆಯದು ಮಾಡಿದಳು. ಅದೂ ಹೋಯಿತು.

ಬಟ್ಟಲು ಎತ್ತಲು ಹೋದರೆ ಬರಲಿಲ್ಲ. ಅಕ್ಕ ಎಡಗೈಯಿಂದ ಅದರ ಅಂಚನ್ನು ಹಿಡಿದಿದ್ದಳು. ಆರು ವಾರ ಮುಚ್ಚಿದ್ದ ಬಾಯಿ, ತುಕ್ಕು ಹಿಡಿದ ಚಿಲಕದ ಹಾಗೆ ಎರಡು ಸಲ ಎಳೆದಾಡಿ, ತೆರೆಯಿತು.

“ಇನ್ನೂ,” ಎಂದಳು ಅಕ್ಕ.

ಸೌಟಮ್ಮ ಪಾತ್ರೆಯ ಕಡೆ ನೋಡಿದಳು. ಒರೆಸಿಟ್ಟ ಹಾಗಿತ್ತು. ಡ್ರೈವರ ಬಟ್ಟಲಿನ ಕಡೆ ನೋಡಿದಳು. ಅಲ್ಲೂ ಮುಗಿದಿತ್ತು. ಪಕ್ಕದಲ್ಲಿ ಮೇಲ್ವಿಚಾರಕಿ ನರ್ಸಮ್ಮನಿಗೆ, ಹದಿನೇಳನೇ ಮಂಚದವರು ತಿಂದು ಇನ್ನೂ ಕೇಳಿದರು ಎಂದು ಬರೆದುಕೊಳ್ಳಿ, ನಾಳೆಯ ಕೊಳವೆ ಬೇಡ, ಡಾಕ್ಟರಿಗೆ ನಾನು ಹೇಳುತ್ತೇನೆ ಎನ್ನುತ್ತಿದ್ದರು. ಮುಂದಿನ ಗುರುವಾರದ ಚೀಟಿಯನ್ನು ಅಂಟಿಸುವ ಮೊದಲು ತಮಗೆ ತೋರಿಸಬೇಕು ಎಂದೂ ಎನ್ನುತ್ತಿದ್ದರು. ಸೌಟಮ್ಮನಿಗೆ ಅದೆಲ್ಲ ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಂತೆ ಕೇಳಿಸಿತು. ಅಕ್ಕ ಇನ್ನೂ ಬಟ್ಟಲು ಬಿಟ್ಟಿರಲಿಲ್ಲ.

“ಮುಗೀತು ಅಕ್ಕ,” ಎಂದಳು. “ಇಷ್ಟೇ ಇದ್ದದ್ದು.”

ಅಕ್ಕನ ಎಡ ಹುಬ್ಬು ಗಂಟಾಯಿತು. ಮೇಜಿನ ಉದ್ದಕ್ಕೂ ಒಂದೊಂದೇ ಖಾಲಿ ಬಟ್ಟಲನ್ನು ನೋಡಿದಳು, ಕೊನೆಗೆ ತಂಗಿಯ ಮುಖಕ್ಕೆ ಬಂದು ನಿಂತಳು. ಮಾತು ಒಂದೊಂದಾಗಿ, ಒಂದು ಕಡೆ ಜಾರುತ್ತ, ಆದರೆ ಗದರುವ ದನಿಯಲ್ಲೇ ಬಂತು.

“ಇಷ್ಟು ಜನ... ಇದ್ದೀವಿ. ಎಣಿಸಿ ಮಾಡೋಕೆ... ಆಗಲ್ವೇನೇ ನಿಂಗೆ? ಯಾವಾಗ... ಕಲೀತೀಯ?”

ಮೇಲ್ವಿಚಾರಕಿ ಇದ್ದರು, ನರ್ಸಮ್ಮ ಇದ್ದಳು, ಬಾಗಿಲಲ್ಲಿ ಸರಿಯಣ್ಣ ನಿಂತಿದ್ದ. ಮೂವತ್ತೈದು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರ ಮಾತಿಗೂ ಎದುರು ಜವಾಬು ಕೊಡದೆ ಬಿಟ್ಟವಳಲ್ಲ ಸೌಟಮ್ಮ. ಈಗ ಅಷ್ಟು ಜನರ ಎದುರಿಗೆ ನೆಲದ ಮೇಲೆ ಕೂತು, ಮೂಗು ಕಣ್ಣು ಒಂದಾಗುವಂತೆ ಅಳುತ್ತಿದ್ದಳು.

“ತಪ್ಪಾಯ್ತು ಅಕ್ಕ. ಮುಂದಿನ ವಾರ ಜಾಸ್ತಿ ಮಾಡ್ತೀನಿ,” ಎಂದಳು. ಅಕ್ಕನ ಎಡಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. “ಇನ್ನೊಂದ್ಸಲ ಬೈಯಿ.”